ಮೋಟಾರು ಬಿಸಿಯಾದರೆ ರಿಲೇಯನ್ನು ಬೈದು ಫಲವಿಲ್ಲ

ಆದವಾನಿ: ಹತ್ತಿ ಯಾರ್ಡಿಗೆ ಇಳಿಯಲು ಶುರುವಾಯಿತೆಂದರೆ ಇಲ್ಲಿನ ಜಿನ್ನಿಂಗ್ ಮಿಲ್ಲುಗಳಿಗೆ ಹಗಲಿಲ್ಲ, ರಾತ್ರಿಯಿಲ್ಲ. ಗಡಿ ಯಾವ ಕಡೆ ಇದೆ ಅಂತ ಹತ್ತಿಗೇನು ಗೊತ್ತು? ಇಂಥ ಹೊತ್ತಲ್ಲೇ ಪ್ಯಾನಲ್ಲಿನ ಕೆಂಪು ದೀಪ ಹತ್ತಿ ಮೋಟಾರು ಗಪ್ಪನೆ ನಿಲ್ಲುತ್ತದೆ. ಅಂಗಳದಲ್ಲಿ ಗಾಡಿ ಸಾಲು, ಸಾಹುಕಾರರ ಮುಖ ಕಪ್ಪು. ಆಪರೇಟರು ಓಡಿ ಬಂದು ರೀಸೆಟ್ ಗುಂಡಿ ಒತ್ತುತ್ತಾನೆ. ಮತ್ತೆ ನಿಂತರೆ ಸ್ಕ್ರೂಡ್ರೈವರ್ ತಗೊಂಡು ರಿಲೇಯ ಆಂಪ್ಸ್ ಮುಳ್ಳನ್ನು ಒಂದಿಷ್ಟು ಮೇಲಕ್ಕೆ ತಿರುಗಿಸುತ್ತಾನೆ. 'ಈಗ ನಡೀತದ ಬಿಡ್ರಿ!' ನಡೆಯುತ್ತದೆ, ನಿಜ. ವೈಂಡಿಂಗ್ ಸುಟ್ಟ ವಾಸನೆ ಬರುವವರೆಗೆ.

ಓವರ್‌ಲೋಡ್ ರಿಲೇ ಮೋಟಾರಿನ ಕಾವನ್ನು ಮುಟ್ಟಿ ನೋಡುವುದೇ ಇಲ್ಲ. ಅದು ನೋಡುವುದು ಕರೆಂಟು ಮಾತ್ರ. ಒಳಗಿನ ಜೋಡಿ ಲೋಹದ ಪಟ್ಟಿ ಕರೆಂಟಿನ ಕಾವಿಗೆ ಬಾಗಿ ಸ್ಟಾರ್ಟರನ್ನು ಬಿಡಿಸುತ್ತದೆ. ವೈಂಡಿಂಗಿನೊಳಗೆ ಕೂಡಿಸಿದ ಥರ್ಮಿಸ್ಟರ್ ಬೇರೆ, ಅದು ನಿಜವಾದ ಕಾವನ್ನೇ ಹೇಳುತ್ತದೆ. ಹಾಗಾಗಿ ಮೊದಲು ಕೇಳಬೇಕಾದದ್ದು, ಯಾವ ದೀಪ ಹತ್ತಿತು?

ಓವರ್‌ಲೋಡ್ ದೀಪವಾದರೆ ಕ್ಲಾಂಪ್ ಮೀಟರ್ ಹಿಡಿದು ಮೂರೂ ಫೇಸು ಅಳೆಯಿರಿ. ಮೂರರಲ್ಲೂ ಕರೆಂಟು ಹೆಚ್ಚಿದ್ದರೆ ಭಾರ ಜಾಸ್ತಿ: ಹಸಿ ಹತ್ತಿ, ಬಿಗಿಯಾದ ರೋಲರು, ಜಾಮಾದ ಬೇರಿಂಗು. ಇಲ್ಲವೇ ವೋಲ್ಟೇಜ್ ಬಿದ್ದಿದೆ. ಒಂದು ಫೇಸು ಸೊನ್ನೆಯಾಗಿ ಉಳಿದೆರಡು ಏರಿದ್ದರೆ ಫ್ಯೂಸು ಹೋಗಿದೆ, ಅಥವಾ ಕಾಂಟ್ಯಾಕ್ಟರಿನ ತುಟಿ ಸುಟ್ಟಿದೆ. ಆಗ ಉಳಿದ ತಂತಿಗಳು ಸುಮಾರು 1.73 ಪಟ್ಟು ಕರೆಂಟು ಹೊರಬೇಕು. ವೋಲ್ಟೇಜಿನ ಸಣ್ಣ ಏರುಪೇರನ್ನೂ ತಾತ್ಸಾರ ಮಾಡಬಾರದು: ಫೇಸುಗಳ ನಡುವೆ ನೂರಕ್ಕೆ 3.5ರಷ್ಟು ವ್ಯತ್ಯಾಸ ಬಂದರೂ ಮೋಟಾರಿನ ಕಾವಿನ ಏರಿಕೆ ನೂರಕ್ಕೆ 25ರಷ್ಟು ಹೆಚ್ಚುತ್ತದೆ.

ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇ ಸಾಮಾನ್ಯವಾಗಿ ವೈಂಡಿಂಗಿನ ದಾರಿಯಲ್ಲಿ ಇರುತ್ತದೆ. ಅಲ್ಲಿ ಅದನ್ನು ನಾಮಫಲಕದ ಆಂಪ್ಸಿನ 0.58 ಪಾಲಿಗೆ ಕೂಡಿಸಬೇಕು. ಪೂರ್ತಿ ಆಂಪ್ಸಿಗೆ ಕೂಡಿಸಿದರೆ ರಿಲೇ ಇದ್ದೂ ಇಲ್ಲದಂತೆ.

ಇನ್ನು ಕರೆಂಟು ಸರಿಯಿದ್ದು ಕಾವಿನ ದೀಪ ಹತ್ತಿದರೆ? ನಮ್ಮ ಮಿಲ್ಲುಗಳ ನಿಜವಾದ ರೋಗ ಇದೇ. ಹತ್ತಿಯ ನವಿರು ಫ್ಯಾನಿನ ಜಾಲರಿಗೆ ಅಂಟಿ ಕಂಬಳಿ ಹೊದಿಸಿದಂತಾಗುತ್ತದೆ. ಗಾಳಿಯೇ ಹೋಗದು. ಥರ್ಮಿಸ್ಟರ್ ಇಲ್ಲದ ಹಳೇ ಮೋಟಾರಾದರೆ ರಿಲೇ ಸುಮ್ಮನಿರುತ್ತದೆ, ಒಳಗೆ ಬೇಯುತ್ತಿರುತ್ತದೆ. ಸಾಮಾನ್ಯ ಮೋಟಾರನ್ನು ಸುತ್ತಲ ಗಾಳಿ 40 ಡಿಗ್ರಿ ಮೀರದು ಎಂದುಕೊಂಡು ಮಾಡಿರುತ್ತಾರೆ. ತಗಡಿನ ಷೆಡ್ಡಿಗೆ ಬೇಸಿಗೆಯಲ್ಲಿ ಆ ಲೆಕ್ಕ ಎಲ್ಲಿ ನಿಲ್ಲುತ್ತದೆ? ವೈಂಡಿಂಗು 10 ಡಿಗ್ರಿ ಹೆಚ್ಚು ಕಾದರೆ ಅದರ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಮೆಕ್ಯಾನಿಕ್ಕುಗಳ ಹಳೇ ಲೆಕ್ಕ.

ಕೈ ಇಟ್ಟು 'ಸುಡ್ತದ' ಅನ್ನುವುದು ಪರೀಕ್ಷೆಯಲ್ಲ. ಎಫ್ ಕ್ಲಾಸಿನ ಇನ್ಸುಲೇಷನ್ 155 ಡಿಗ್ರಿವರೆಗೆ ತಡೆಯುತ್ತದೆ, ಮೈ 70 ಡಿಗ್ರಿ ಇದ್ದರೂ ಮೋಟಾರು ಆರೋಗ್ಯವಾಗಿಯೇ ಇರಬಹುದು. ಬೇರಿಂಗಿನ ಕಡೆ ಮಾತ್ರ ಕಾವು ಏರಿದರೆ ಬೇರೆ ಮಾತು. ಬೆಲ್ಟು ಬಿಗಿಯೋ, ಗ್ರೀಸ್ ಹೆಚ್ಚೋ ನೋಡಿ. ಹೌದು, ಗ್ರೀಸ್ ಹೆಚ್ಚಾದರೂ ಬೇರಿಂಗು ಕಾಯುತ್ತದೆ. ನವಿರು ತುಂಬಿದ ಷೆಡ್ಡಿನಲ್ಲಿ ಕಾದ ಬೇರಿಂಗು ಎಂದರೆ ಬೆಂಕಿಗೆ ಆಹ್ವಾನ. ಮೇನ್ ಇಳಿಸಿ, ಫ್ಯೂಸು ಕಿತ್ತು ಜೇಬಿನಲ್ಲಿಟ್ಟುಕೊಂಡೇ ಜಾಲರಿ ಗುಡಿಸಬೇಕು.

ಮಡಕಶಿರಾ, ರಾಯದುರ್ಗದ ಬೋರ್‌ವೆಲ್ ರೈತರಿಗೂ ಒಂದು ಮಾತು. ಸಬ್‌ಮರ್ಸಿಬಲ್ ಮೋಟಾರಿಗೆ ಫ್ಯಾನಿಲ್ಲ, ಸುತ್ತಲ ನೀರೇ ಅದಕ್ಕೆ ಗಾಳಿ. ನೀರು ಇಳಿದು ಪಂಪು ಒಣಗಿ ಓಡಿದರೆ ಕರೆಂಟು ಏರುವುದಿಲ್ಲ, ಇಳಿಯುತ್ತದೆ. ಓವರ್‌ಲೋಡ್ ರಿಲೇಗೆ ಗೊತ್ತೇ ಆಗದು. ಅದಕ್ಕೆ ಕಡಿಮೆ ಕರೆಂಟಿಗೆ ನಿಲ್ಲಿಸುವ ಡ್ರೈ-ರನ್ ಉಪಕರಣ ಬೇರೆಯೇ ಬೇಕು. ಕೊಳ್ಳುವಾಗ ಸ್ಟಾರ್ಟರಿನೊಳಗೆ ಅದು ಇದೆಯೋ ಇಲ್ಲವೋ ಅಂಗಡಿಯವನನ್ನು ತೆಲುಗಿನಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ, ಕೇಳಿಯೇ ಕಾಸು ಎಣಿಸಿ.