ಸೈಟು ಮಾರಿದರೆ ತೆರಿಗೆ ಎಷ್ಟು?

ಪ್ರಶ್ನೆ: ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ ನಮ್ಮ ತಂದೆಯವರು 1985ರಲ್ಲಿ ಕೊಂಡಿದ್ದ ಖಾಲಿ ಸೈಟು ಈಗ ನನ್ನ ಹೆಸರಿಗೆ ಬಂದಿದೆ. ಮಾರಿದರೆ ಬಂದ ಹಣಕ್ಕೆಲ್ಲ ತೆರಿಗೆ ಕಟ್ಟಬೇಕೆ?

ಉತ್ತರ: ಇಲ್ಲ, ಲಾಭಕ್ಕೆ ಮಾತ್ರ. ಪಿತ್ರಾರ್ಜಿತವಾಗಿ ಬಂದಾಗ ತೆರಿಗೆಯಿಲ್ಲ. ಮಾರಿದಾಗ ತಂದೆಯವರು ಕೊಂಡ ಬೆಲೆ, ಅವರು ಇಟ್ಟುಕೊಂಡಿದ್ದ ಅವಧಿ ಎರಡೂ ನಿಮ್ಮ ಲೆಕ್ಕಕ್ಕೆ ಬರುತ್ತವೆ. 24 ತಿಂಗಳು ಮೀರಿರುವುದರಿಂದ ಇದು ದೀರ್ಘಾವಧಿ ಬಂಡವಾಳ ಲಾಭ. 1985ರ ಬೆಲೆಯ ಬದಲು 2001ರ ಏಪ್ರಿಲ್ 1ರ ಮಾರುಕಟ್ಟೆ ಮೌಲ್ಯ ಹಿಡಿಯಬಹುದು. ಅದು ಅಂದಿನ ಮುದ್ರಾಂಕ ಮೌಲ್ಯವನ್ನು ಮೀರುವಂತಿಲ್ಲ.

ಆ ಮೌಲ್ಯ 10 ಲಕ್ಷ, ಮಾರಿದ ಬೆಲೆ 1.5 ಕೋಟಿ ಎಂದುಕೊಳ್ಳಿ. 1.4 ಕೋಟಿ ಲಾಭಕ್ಕೆ ಶೇ 12.5ರಂತೆ 17.5 ಲಕ್ಷ, ಸರ್‌ಚಾರ್ಜ್, ಸೆಸ್ ಬೇರೆ. 2024ರ ಜುಲೈ 23ಕ್ಕೆ ಮೊದಲು ಪಡೆದ ಜಮೀನಾದರೆ, ಭಾರತದ ನಿವಾಸಿಗಳು ಹಣದುಬ್ಬರ ಕಳೆದು ಶೇ 20ರ ಲೆಕ್ಕವನ್ನೂ ಹಾಕಿ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು.

ಪತ್ರದಲ್ಲಿ ಬೆಲೆ ಇಳಿಸಿ ಬರೆಸಿದರೆ ಪ್ರಯೋಜನವಿಲ್ಲ. ಮಾರ್ಗಸೂಚಿ ದರದ ಮೌಲ್ಯ ಪತ್ರದ ಬೆಲೆಗಿಂತ ಶೇ 10ಕ್ಕೂ ಹೆಚ್ಚಿದ್ದರೆ ಅದನ್ನೇ ಮಾರಾಟ ಬೆಲೆಯಾಗಿ ಹಿಡಿಯುತ್ತಾರೆ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1 ಟಿಡಿಎಸ್ ಹಿಡಿಯಬೇಕು. ಅದು ನಿಮ್ಮ ತೆರಿಗೆಗೆ ಜಮೆಯಾಗುತ್ತದೆ. ಮುದ್ರಾಂಕ ಶುಲ್ಕ ವಾಡಿಕೆಯಂತೆ ಕೊಳ್ಳುವವರದು. ಜಿಎಸ್‌ಟಿ ಇಲ್ಲ.

ತೆರಿಗೆ ಉಳಿಸಲು ಎರಡು ದಾರಿ. ಬಂದ ಹಣವನ್ನೆಲ್ಲ (10 ಕೋಟಿ ಮಿತಿಯೊಳಗೆ) ಎರಡು ವರ್ಷದಲ್ಲಿ ಮನೆ ಕೊಳ್ಳಲು ಅಥವಾ ಮೂರು ವರ್ಷದಲ್ಲಿ ಕಟ್ಟಿಸಲು ಹಾಕುವುದು. ಮಾರುವ ದಿನ ನಿಮಗೆ ಒಂದಕ್ಕಿಂತ ಹೆಚ್ಚು ಮನೆ ಇರಬಾರದು. ಇಲ್ಲವೇ ಆರು ತಿಂಗಳೊಳಗೆ 50 ಲಕ್ಷದವರೆಗೆ ಆರ್‌ಇಸಿಯಂಥ ಬಾಂಡುಗಳಲ್ಲಿ ಐದು ವರ್ಷ ತೊಡಗಿಸುವುದು. ಮುಂಗಡ ಪಡೆಯುವ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿ, ಇ–ಖಾತೆ ಮಾಡಿಸಿಕೊಳ್ಳಿ.