ರಾಗಿಯ ಗುಣವೂ ಮೊಳಕೆಯ ಸಂಸ್ಕಾರವೂ

ಕನಕದಾಸರ ರಾಮಧಾನ್ಯಚರಿತ್ರೆಯಲ್ಲಿ ವ್ರೀಹಿಗೂ ನರೆದಲೆಗನಿಗೂ ನಡೆದ ವಿವಾದವು ಸುಪ್ರಸಿದ್ಧವಾದುದು. ನರೆದಲೆಗನ ಹಿರಿಮೆಗೆ ಇಂದಿನ ಶಾಸ್ತ್ರದ ಪ್ರಮಾಣವೂ ಉಂಟು: 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಬೆಳ್ಳಗೆ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಸಹ ಇರದು. ಆದರೆ ಧಾನ್ಯವು ಗುಣವುಳ್ಳದ್ದಾದ ಮಾತ್ರಕ್ಕೆ ಶಿಶುವಿಗೆ ಪುಷ್ಟಿಯುಂಟಾಗುವುದೆಂದು ಹೇಳಲಾಗದು.

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಸುತ್ತಿನದು ರಾಗಿ ಬೆಳೆಯುವ ಸೀಮೆ. ರಾಗಿಯ ಹಿಟ್ಟನ್ನು ಬೇಯಿಸಿದಾಗ ಅದರ ಪಿಷ್ಟವು ನೀರು ಹೀರಿ ಉಬ್ಬುವುದರಿಂದ ಗಂಜಿಯು ಗಟ್ಟಿಯಾಗುವುದು. ಎಳೆಯ ಮಗು ನುಂಗಲೆಂದು ತಾಯಿಯು ನೀರು ಬೆರೆಸಿದರೆ ಪುಟ್ಟ ಹೊಟ್ಟೆಯೇನೋ ತುಂಬುವುದು. ದೇಹಕ್ಕೆ ಸಾಲುವಷ್ಟು ಆಹಾರ ಸೇರದು. ಮನೆಯಲ್ಲಿ ಹಿಟ್ಟಿದ್ದೂ ಮಗು ಸೊರಗುವುದಕ್ಕೆ ಇದೊಂದು ಕಾರಣ.

1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ಎನ್. ಜಿ. ಮಲ್ಲೇಶಿ, ಎಚ್. ಎಸ್. ಆರ್. ದೇಶಿಕಾಚಾರ್ ಎಂಬ ವಿದ್ವಾಂಸರು ಈ ತೊಡಕನ್ನೇ ವಿಚಾರಕ್ಕೆ ತೆಗೆದುಕೊಂಡು, ಮೊಳೆಯಿಸಿದ ರಾಗಿ ಮತ್ತು ಹೆಸರುಕಾಳುಗಳಿಂದ ಶಿಶುವಿನ ಆಹಾರವೊಂದನ್ನು ರೂಪಿಸಿ 1982ರಲ್ಲಿ ಪ್ರಕಟಪಡಿಸಿದರು. ಮೊಳೆಯುವ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವವು ಹೆಚ್ಚಿ, ಬೇಯುವಾಗ ಪಿಷ್ಟವನ್ನು ಒಡೆಯುವುದು. ಅದರಿಂದ ಹಿಟ್ಟು ಹೆಚ್ಚಾದರೂ ಗಂಜಿಯು ತೆಳುವಾಗಿಯೇ ಉಳಿಯುವುದು. ರಾಗಿಯಲ್ಲಿ ಕೊರತೆಯಾದ ಲೈಸಿನ್ ಎಂಬ ಅಂಶವು ಹೆಸರುಕಾಳಿನಿಂದ ಒದಗುವುದು.

ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳೆಯಿಸಿ, ಒಣಗಿಸಿ, ಹುರಿದು, ಬೀಸಿ, ವಸ್ತ್ರಗಾಳಿತ ಮಾಡಿ ‘ರಾಗಿಸರಿ’ ಕಾಯಿಸುವ ಅಜ್ಜಿಯರ ಪದ್ಧತಿಯ ಮರ್ಮವೂ ಇದೇ. ಸಂಸ್ಕಾರದಿಂದ ದ್ರವ್ಯಕ್ಕೆ ಗುಣಾಂತರವುಂಟಾಗುವುದೆಂಬ ಚರಕನ ಮತಕ್ಕೆ ಇದು ತಕ್ಕ ಉದಾಹರಣೆ. ಹುರಿಯುವಾಗ ಮಾತ್ರ ಎಚ್ಚರವು ಬೇಕು; ಬೆಂಕಿ ಮೀರಿದರೆ ಕಿಣ್ವವು ನಾಶವಾಗಿ, ಮೊಳೆಯಿಸಿದ ಶ್ರಮವು ವ್ಯರ್ಥವಾಗುವುದು.