ಬಳೆಗಾರ ಗುಂಡು ಮತ್ತು ಒಂದು ಸ್ನಾತಕೋತ್ತರ ಪದವಿ

‘ಪದವಿಯ ನಂತರ ಮುಂದೇನು?’ ಎಂಬ ಮಾತುಕತೆ ನಡೆಸಿದಾಗಲೆಲ್ಲ ಪ್ರವಾಸೋದ್ಯಮದ ಬಗ್ಗೆ ವಿದ್ಯಾರ್ಥಿಗಳು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಗೈಡ್ ಆಗಬಹುದೇ, ಹೋಟೆಲಿನಲ್ಲಿ ಕೆಲಸ ಸಿಗುತ್ತದೆಯೇ? ಸಿಗುತ್ತದೆ. ಆದರೆ ಈ ಬಾರಿ ಹೇಳಹೊರಟಿರುವುದು ಬೇರೊಂದು ಓದಿನ ವಿಷಯ. ಅದಕ್ಕೆ ‘ಸುಸ್ಥಿರ ಪ್ರವಾಸೋದ್ಯಮದ ನಾಯಕತ್ವ’ ಎಂದು ಹೆಸರು. ಹೆಸರು ಸ್ವಲ್ಪ ಭಾರವಾಯಿತು. ಅರ್ಥ ತಿಳಿಯಲು ಚಳ್ಳಕೆರೆ ದಾಟಿ ಮೊಳಕಾಲ್ಮುರು ತಾಲ್ಲೂಕಿಗೆ ಹೋಗೋಣ, ಬನ್ನಿ.

ಈ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿರುವುದನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲ ಎಂಬಲ್ಲಿನ ಅಧಿಕಾರಿಗಳಿಗೆ ಹೋದ ಆಜ್ಞೆಗಳಿವು. ಬರೆದ ಲಿಪಿಕಾರನ ಹೆಸರು ಚಪಡ. ತನ್ನ ವೃತ್ತಿಯನ್ನು ಹೇಳುವ ಪದವನ್ನು ಮಾತ್ರ ಆತ ದೂರದ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು.

ಬ್ರಹ್ಮಗಿರಿಯ ಬಂಡೆಯನ್ನು ಊರವರು ‘ಅಕ್ಷರಗುಂಡು’ ಎಂದು ಕರೆದರು. ಜಟಿಂಗ ರಾಮೇಶ್ವರದ ಬಂಡೆಯ ಹೆಸರು ‘ಬಳೆಗಾರ ಗುಂಡು’. ಜಾತ್ರೆಯ ಹೊತ್ತಿನಲ್ಲಿ ಬಳೆ ಮಾರುವವರು ಅಲ್ಲಿ ಅಂಗಡಿ ಹೂಡುತ್ತಿದ್ದರಂತೆ, ಅದಕ್ಕೆ ಆ ಹೆಸರು. ಮೂರು ಕಡೆಯ ಅಕ್ಷರಗಳಲ್ಲಿ ಅತಿ ಹೆಚ್ಚು ಸವೆದಿರುವುದು ಈ ಬಂಡೆಯವೇ. ಮಳೆ ಬಿಸಿಲಿನ ಪಾಲೂ ಅದರಲ್ಲಿ ಇರಲೇಬೇಕು. ಹಾಗೆಂದು ಬಳೆಗಾರನನ್ನು ದೂರಲಾದೀತೇ? ಅವನಿಗೆ ಬೇಕಾಗಿದ್ದುದು ಜನ ಓಡಾಡುವ ಕಡೆ ಒಂದು ಸಮತಟ್ಟು ಜಾಗ. ನಮ್ಮ ಕೈಯೇನೂ ಚೊಕ್ಕವಲ್ಲ. ಬಹಳ ವರ್ಷಗಳ ಹಿಂದೆ, ಬೇರೊಂದು ಊರಿನ ಶಾಸನವನ್ನು ಚಿತ್ರೀಕರಿಸುವಾಗ, ಕ್ಯಾಮೆರಾಕ್ಕೆ ಚೆನ್ನಾಗಿ ಕಾಣಲೆಂದು ಅಕ್ಷರಗಳಿಗೆ ಸೀಮೆಸುಣ್ಣ ತುಂಬಿಸಿದವನು ನಾನೇ. ಹಾಗೆ ಉಜ್ಜಬಾರದೆಂದು ಹೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ.

ಹೇಳುವವರು ಇರಬೇಕು, ಹೇಳುವುದಕ್ಕೆ ಮುಂಚೆ ಲೆಕ್ಕ ಹಾಕಿರಬೇಕು. ಈ ಓದಿನ ತಿರುಳು ಅದು.

ಮೊದಲನೆಯ ಲೆಕ್ಕ ‘ಧಾರಣಾ ಸಾಮರ್ಥ್ಯ’ದ್ದು. ಒಂದು ಬಂಡೆಯ ಸುತ್ತ ಒಮ್ಮೆಗೆ 15 ಜನ ನಿಲ್ಲಬಹುದು, ಒಂದು ತಂಡಕ್ಕೆ 20 ನಿಮಿಷ ಬೇಕು ಎಂದುಕೊಳ್ಳಿ. 8 ಗಂಟೆಯಲ್ಲಿ 24 ತಂಡ, ಅಂದರೆ 360 ಜನ. ಆದರೆ ಊರಿನಲ್ಲಿ ಮಿಗುವ ಕುಡಿಯುವ ನೀರು 100 ಜನಕ್ಕೆ ಮಾತ್ರ ಸಾಕಾಗುವುದಾದರೆ? ಆಗ ಆ ಸ್ಥಳದ ಸಾಮರ್ಥ್ಯ 360 ಅಲ್ಲ, 100. ವಿಜ್ಞಾನದ ವಿದ್ಯಾರ್ಥಿಗಳಿಗೆ ಲೀಬಿಗ್‌ನ ಕನಿಷ್ಠ ನಿಯಮ ನೆನಪಾಗಬಹುದು: ಗಿಡದ ಬೆಳವಣಿಗೆಯನ್ನು ನಿರ್ಧರಿಸುವುದು ಅತ್ಯಂತ ಕೊರತೆಯಿರುವ ಪೋಷಕಾಂಶ. ಮಳೆ ಕಡಿಮೆ ಬೀಳುವ ಚಳ್ಳಕೆರೆ ಸೀಮೆಯಲ್ಲಿ ಆ ‘ಪೋಷಕಾಂಶ’ ನೀರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಜನ ಇಂದಿಗೂ ನೆನೆಯುವುದು ಕೆರೆ ಕಟ್ಟಿಸಿದವರೆಂದು ಎಂಬುದನ್ನು ಇಲ್ಲಿ ಗಮನಿಸಬೇಕು.

ಎರಡನೆಯದು ‘ಸೋರಿಕೆ’. ಪ್ರವಾಸಿ ಕೊಟ್ಟ ಹಣದಲ್ಲಿ ಊರಿನಲ್ಲಿ ಉಳಿಯುವುದೆಷ್ಟು, ಹೊರಗೆ ಹರಿದುಹೋಗುವುದೆಷ್ಟು? ಬುತ್ತಿ, ನೀರಿನ ಬಾಟಲಿ, ಗೈಡ್ ಎಲ್ಲವನ್ನೂ ದೂರದ ನಗರದಿಂದ ತಂದ ಬಸ್ಸು ಊರಿಗೆ ಬಿಟ್ಟು ಹೋಗುವುದು ಕಸ ಮಾತ್ರ. ಅದೇ ಪ್ರವಾಸಿ ಮೊಳಕಾಲ್ಮುರಿನ ನೇಕಾರರ ಮನೆಯಲ್ಲಿ ಮಗ್ಗ ನೋಡಿ ಒಂದು ರೇಷ್ಮೆ ಸೀರೆ ಕೊಂಡರೆ, ಚಳ್ಳಕೆರೆಯಲ್ಲಿ ಒಂದು ಕುರಿಯುಣ್ಣೆಯ ಕಂಬಳಿ ಕೊಂಡರೆ ಲೆಕ್ಕವೇ ಬೇರೆ. ಮೊಳಕಾಲ್ಮುರು ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಆದರೆ ಚಿತ್ರದುರ್ಗದ ಕೋಟೆ ನೋಡಿದವರು ಹೊಸಪೇಟೆಯ ಹೆದ್ದಾರಿ ಹಿಡಿದು ನೇರ ಹಂಪಿಗೆ ಹೋಗುತ್ತಾರೆ. ಪೂರ್ವಕ್ಕೆ ತಿರುಗುವವರು ವಿರಳ. ತಿರುಗಿಸುವುದು ಸುಲಭ, ಒಂದು ದೊಡ್ಡ ಫಲಕ ಸಾಕು. ತಿರುಗಿ ಬಂದವರನ್ನು ಏನು ಮಾಡುವುದೆಂಬುದೇ ಕಷ್ಟ.

ಜಾಗತಿಕ ಸುಸ್ಥಿರ ಪ್ರವಾಸೋದ್ಯಮ ಮಂಡಳಿಯ ಮಾನದಂಡಗಳು 2008ರಲ್ಲಿ ಮೊದಲು ಹೊರಬಂದವು. ನಿರ್ವಹಣೆ, ಸ್ಥಳೀಯರ ಬದುಕು, ಸಂಸ್ಕೃತಿ, ಪರಿಸರ ನಾಲ್ಕನ್ನೂ ಅವು ಒಟ್ಟಿಗೇ ತೂಗುತ್ತವೆ. ಹಾಗಾಗಿ ಇತಿಹಾಸ, ಅರ್ಥಶಾಸ್ತ್ರ, ಭೂಗೋಳ, ಸಸ್ಯಶಾಸ್ತ್ರ, ಯಾವುದನ್ನು ಓದಿ ಬಂದವರಿಗೂ ಇಲ್ಲಿ ಕೆಲಸವಿದೆ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳನ್ನು ‘ಪಾಳುಭೂಮಿ’ ಎಂದು ಬರೆದುಬಿಡುವವರಿಗೆ, ಅದು ಜೀವಂತ ಹುಲ್ಲುಗಾವಲು, ಕುರಿ ದನಗಳ ಮೇವು ಎಂದು ವಿವರಿಸಲು ಸಸ್ಯಶಾಸ್ತ್ರದವರೇ ಬೇಕು.

ಎಲ್ಲಿ ಓದಬಹುದು? ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಡಿಯ ಭಾರತೀಯ ಪ್ರವಾಸೋದ್ಯಮ ಮತ್ತು ಪ್ರಯಾಣ ನಿರ್ವಹಣಾ ಸಂಸ್ಥೆ 1983ರಲ್ಲಿ ಆರಂಭವಾಯಿತು. ಅದರ ಕೇಂದ್ರ ಗ್ವಾಲಿಯರ್‌ನಲ್ಲಿದೆ. ನೆಲ್ಲೂರು ಮತ್ತು ಗೋವಾದಲ್ಲಿ ಶಾಖೆಗಳಿವೆ. ನಮ್ಮ ರಾಜ್ಯದ ಕೆಲವು ವಿಶ್ವವಿದ್ಯಾನಿಲಯಗಳಲ್ಲೂ ಪ್ರವಾಸೋದ್ಯಮದ ಸ್ನಾತಕೋತ್ತರ ವಿಭಾಗಗಳಿವೆ. ಕೋರ್ಸಿನ ಹೆಸರು ನೋಡಿ ಸೇರಬೇಡಿ, ಪಠ್ಯಕ್ರಮ ತರಿಸಿ ಓದಿ. ಟಿಕೆಟ್ ಕಾಯ್ದಿರಿಸುವುದು, ಪ್ಯಾಕೇಜ್ ಮಾರುವುದು ಇಷ್ಟೇ ಇದ್ದರೆ ಅದು ಬೇರೆ ವೃತ್ತಿ. ಸಂಖ್ಯಾಶಾಸ್ತ್ರ, ನಕ್ಷೆ ತಯಾರಿ, ಪಂಚಾಯಿತಿ ವ್ಯವಸ್ಥೆ, ಕ್ಷೇತ್ರಕಾರ್ಯ ಇವೆಯೇ ಎಂದು ಹುಡುಕಿ. ಕ್ಷೇತ್ರಕಾರ್ಯ ಎಷ್ಟು ವಾರ ಎಂದೂ ಕೇಳಿ.

ಪ್ರವೇಶ ಸಿಗುವವರೆಗೆ ಕಾಯಬೇಕಿಲ್ಲ. ಹೋಳಿ ಹುಣ್ಣಿಮೆಯ ಬಳಿಕ ನಾಯಕನಹಟ್ಟಿಯ ದೊಡ್ಡ ಜಾತ್ರೆ ನಡೆಯುತ್ತದೆ. ನೋಟ್‌ಬುಕ್ ಹಿಡಿದು ಒಂದು ಮೂಲೆಯಲ್ಲಿ ನಿಂತು, ಗಂಟೆಗೆ ಎಷ್ಟು ಜನ ಬಂದರು, ನೀರಿನ ನಲ್ಲಿಗೆ ಎಷ್ಟು ಹೆಜ್ಜೆ, ಕಸ ಎಲ್ಲಿ ಗುಡ್ಡೆಯಾಯಿತು, ಅಂಗಡಿಯವರು ಆ ಜಾಗವನ್ನೇ ಯಾಕೆ ಆರಿಸಿಕೊಂಡರು ಎಂದು ಬರೆದುಕೊಳ್ಳಿ. ಕೊನೆಯ ಪ್ರಶ್ನೆಯನ್ನು ಅವರನ್ನೇ ಕೇಳಿ. ಬಳೆ ಮಾರುವವರು ಸಿಕ್ಕರೆ, ಇನ್ನೆಲ್ಲಿ ಕೂತರೂ ಇಷ್ಟೇ ವ್ಯಾಪಾರವಾದೀತು ಎಂಬುದನ್ನೂ ಕೇಳಿ ತಿಳಿದುಕೊಳ್ಳಿ.